ಗ್ಲಾನಸೇವೆಯ ಅಳತೆಗೋಲು

ಶ್ರಾವಕರ ಮನೆಯಲ್ಲಿ ಹಿರಿಯರೊಬ್ಬರಿಗೆ ವಾಸಿಯಾಗದ ರೋಗ ಬಂದು, ವೈದ್ಯರು ‘ಇನ್ನು ನಮ್ಮಿಂದ ಆಗುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿರಿ’ ಎಂದು ಹೇಳಿದಾಗ, ಆ ಮನೆಯವರ ಮುಂದೆ ಇಂದು ಹಿಂದಿಲ್ಲದ ಪ್ರಶ್ನೆಯೊಂದು ನಿಲ್ಲುತ್ತದೆ. ಹಿಂದಿನ ಕಾಲದ ತುಂಬಿದ ಮನೆ ಈಗಿಲ್ಲ. ಮಗ ಒಂದೂರು, ಸೊಸೆ ದುಡಿಯುವುದು ಇನ್ನೊಂದೂರು. ಮನೆಯಲ್ಲಿ ಹಗಲುಹೊತ್ತು ಒಂದು ಲೋಟ ನೀರು ಕೊಡುವವರಿಲ್ಲ. ಆಗ ಯಾರೋ ಹೇಳುತ್ತಾರೆ, ಇಂಥಲ್ಲೊಂದು ಉಪಶಮನ ಆರೈಕೆಯ ಕೇಂದ್ರವಿದೆ, ಅಲ್ಲಿಗೆ ಸೇರಿಸಬಹುದು ಎಂದು. ಮನೆಯವರು ಹೋಗಿ ನೋಡಿ ಬರುತ್ತಾರೆ. ‘ಹೇಗಿದೆ?’ ಎಂದು ಬಂಧುಗಳು ಕೇಳುತ್ತಾರೆ. ‘ಬಹಳ ಸ್ವಚ್ಛವಾಗಿದೆ, ನೆಲಕ್ಕೆಲ್ಲ ಅಮೃತಶಿಲೆ ಹಾಸಿದ್ದಾರೆ, ಅಡಿಗೆಗೆ ಈರುಳ್ಳಿ ಬೆಳ್ಳುಳ್ಳಿ ಬಳಸುವುದಿಲ್ಲವಂತೆ’ ಎಂಬ ಉತ್ತರ ಬರುತ್ತದೆ. ಈ ಉತ್ತರದಲ್ಲಿ ತಪ್ಪಿಲ್ಲ. ಆದರೆ ಹಾಸಿಗೆ ಹಿಡಿದಿರುವ ಜೀವಕ್ಕೆ ಅಲ್ಲಿ ಹೇಗಿರುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರವೂ ಇಲ್ಲ.

ಇಂಥ ಸ್ಥಳದ ಯೋಗ್ಯತೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಈ ಪ್ರಶ್ನೆಗೆ ಬೇಕಾದ ಕೋಲು ನಮ್ಮ ಪಾಠಶಾಲೆಗಳಲ್ಲಿಯೇ ಇದೆಯೆಂದೂ, ಅದನ್ನು ನಾನು ತಡವಾಗಿ ಕಂಡುಕೊಂಡೆನೆಂದೂ ವಾಚಕರ ಮುಂದೆ ನಿವೇದಿಸುವುದು ಈ ಲೇಖನದ ಉದ್ದೇಶ.

ಮೊದಲು ಆ ಸಂಸ್ಥೆಗಳ ಸ್ವರೂಪವನ್ನು ಕುರಿತು ನಾಲ್ಕು ಮಾತು. ಹಾಸ್ಪಿಸ್ ಎಂದು ಕರೆಯಲ್ಪಡುವ ಈ ಬಗೆಯ ಆರೈಕೆಗೆ ಇಂದಿನ ರೂಪ ದೊರೆತದ್ದು 1967ರಲ್ಲಿ, ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ ಸ್ಥಾಪಿಸಿದ ಸೇಂಟ್ ಕ್ರಿಸ್ಟೋಫರ್ಸ್ ಸಂಸ್ಥೆಯಿಂದ. ರೋಗಿಯ ನೋವು ಶರೀರದ್ದಷ್ಟೇ ಅಲ್ಲ, ಮನಸ್ಸಿನದು, ಕುಟುಂಬದ್ದು, ಆತ್ಮದ್ದು ಸಹ ಆಗಿರುತ್ತದೆ, ಇವೆಲ್ಲವನ್ನೂ ಒಟ್ಟಾಗಿ ನೋಡಬೇಕು ಎಂಬುದು ಆಕೆಯ ಮುಖ್ಯ ಬೋಧೆ. ನಮ್ಮ ದೇಶದಲ್ಲಿ 1986ರಲ್ಲಿ ಮುಂಬಯಿಯಲ್ಲಿ ಶಾಂತಿ ಅವೇದನಾ ಸಂಸ್ಥೆ ಆರಂಭವಾಯಿತು. 1993ರಲ್ಲಿ ಕೋಳಿಕ್ಕೋಡಿನಲ್ಲಿ ವೈದ್ಯರೂ ನಾಗರಿಕರೂ ಕೂಡಿ ಮನೆಮನೆಗೆ ಹೋಗಿ ಆರೈಕೆ ಮಾಡುವ ಪದ್ಧತಿಗೆ ತಳಹದಿ ಹಾಕಿದರು. ಬೆಂಗಳೂರಿನಲ್ಲಿ 1994ರಲ್ಲಿ ಇದಕ್ಕಾಗಿ ಧರ್ಮದರ್ಶಿ ಸಂಸ್ಥೆಯೊಂದು ಹುಟ್ಟಿ, 1999ರಲ್ಲಿ ‘ಕರುಣಾಶ್ರಯ’ದ ಕಟ್ಟಡ ತೆರೆಯಿತು, ಉಲ್ಬಣಿಸಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಹಣ ಪಡೆಯದೆ ಸೇವೆ ನಡೆಯುತ್ತದೆ. ಇವನ್ನು ಅನುಸರಿಸಿ ಇಂದು ಹಲವು ಊರುಗಳಲ್ಲಿ ಸಣ್ಣವೂ ದೊಡ್ಡವೂ ಆದ ಕೇಂದ್ರಗಳಿವೆ. ಎಲ್ಲವೂ ಒಂದೇ ಮಟ್ಟದವಲ್ಲ. ಆದ್ದರಿಂದಲೇ ಪರೀಕ್ಷಿಸುವ ಅಗತ್ಯ ಬಂದಿದೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಉಪಶಮನ ಆರೈಕೆ ಸಲ್ಲೇಖನೆಯಲ್ಲ. ಸಲ್ಲೇಖನೆ ವ್ರತ, ಎಚ್ಚರವಿರುವ ಜೀವ ಗುರುಸಾಕ್ಷಿಯಾಗಿ, ಕಷಾಯವನ್ನೂ ಕಾಯವನ್ನೂ ಕ್ರಮವಾಗಿ ಕೃಶಗೊಳಿಸುತ್ತ ತಾನಾಗಿ ಕೈಕೊಳ್ಳುವಂಥದು. ಆರೈಕೆ ಸೇವೆ, ಇನ್ನೊಬ್ಬರು ಮಾಡುವಂಥದು. ಆದರೂ ಇವೆರಡಕ್ಕೂ ಒಂದು ನಂಟಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸಲ್ಲೇಖನೆಗೆ ಹೇಳಿದ ಐದು ಅತಿಚಾರಗಳಲ್ಲಿ ಮೊದಲನೆಯದು ಜೀವಿತಾಶಂಸೆ, ಎರಡನೆಯದು ಮರಣಾಶಂಸೆ. ಇನ್ನಷ್ಟು ಕಾಲ ಬದುಕಿರಬೇಕೆಂಬ ಹಂಬಲವೂ ದೋಷ, ಬೇಗ ಸಾಯಬೇಕೆಂಬ ಹಂಬಲವೂ ದೋಷ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಉಪಶಮನ ಆರೈಕೆಯ ಲಕ್ಷಣ ಹೇಳುವಾಗ, ಅದು ಮರಣವನ್ನು ತ್ವರೆಗೊಳಿಸುವುದೂ ಇಲ್ಲ, ಮುಂದೂಡುವುದೂ ಇಲ್ಲ ಎಂಬ ಅಂಶವನ್ನು ಸೇರಿಸಿತು. ಎರಡರ ದಾರಿ ಬೇರೆ. ಆದರೆ ಎರಡೂ ಬೇಡವೆಂದು ಬಿಟ್ಟಿರುವುದು ಒಂದೇ.

ಇನ್ನು ನನ್ನ ಮನೆಯ ಸಂಗತಿ. ಸ್ಥಳದ ಹೆಸರಾಗಲಿ ಸಂಸ್ಥೆಯ ಹೆಸರಾಗಲಿ ಇಲ್ಲಿ ಅವಶ್ಯವಿಲ್ಲ. 2016ರ ಮಾಗಿಯಲ್ಲಿ ನಮ್ಮ ತಾಯಿಯವರ ಕ್ಯಾನ್ಸರ್ ಮೂಳೆಗೆ ಹಬ್ಬಿತ್ತು. ಅವರು ನಲವತ್ತು ವರ್ಷಗಳಿಂದ ರಾತ್ರಿ ನಾಲ್ಕು ಬಗೆಯ ಆಹಾರವನ್ನೂ ಬಿಟ್ಟವರು. ಅಷ್ಟಮಿ ಚತುರ್ದಶಿಗಳಲ್ಲಿ ಏಕಾಶನ ತಪ್ಪಿಸಿದವರಲ್ಲ. ನಾನೂ ನನ್ನ ತಮ್ಮನೂ ಎರಡು ಮೂರು ಕೇಂದ್ರಗಳನ್ನು ನೋಡಿ, ಬಾಗಿಲಲ್ಲಿ ಬಾಹುಬಲಿ ಸ್ವಾಮಿಯ ದೊಡ್ಡ ಚಿತ್ರವಿದ್ದ, ಶುದ್ಧ ಅಡಿಗೆಯ ವ್ಯವಸ್ಥೆಯಿದ್ದ ಒಂದನ್ನು ಆರಿಸಿದೆವು. ಕಾಗದಗಳಿಗೆ ಸಹಿ ಮಾಡಿ, ನಿಶ್ಚಿಂತರಾಗಿ ಊರಿಗೆ ಮರಳಿದೆವು.

ಹನ್ನೊಂದನೆಯ ದಿನ ರಾತ್ರಿ ಒಂಬತ್ತಕ್ಕೆ ನಾನು ಹೇಳದೆ ಅಲ್ಲಿಗೆ ಹೋದೆ. ತಾಯಿಯವರ ಮೂಗಿಗೆ ನಳಿಕೆ ಹಾಕಿದ್ದರು. ಅದರ ಮೂಲಕ ಆ ಹೊತ್ತಿನಲ್ಲಿ ಹಾಲಿನಂಥ ಆಹಾರವನ್ನು ಇಳಿಸುತ್ತಿದ್ದರು. ನಳಿಕೆಯನ್ನು ಕಿತ್ತುಕೊಳ್ಳುತ್ತಾರೆಂದು ಎರಡು ಕೈಗಳನ್ನೂ ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ಅವರು ನನ್ನನ್ನು ನೋಡಿದರು, ಮಾತಾಡಲಿಲ್ಲ. ‘ಇವರಿಗೆ ರಾತ್ರಿಯ ನೇಮವಿದೆಯಲ್ಲ’ ಎಂದು ನಾನು ಕೇಳಿದಾಗ ಅಲ್ಲಿದ್ದವರು ಕಾಗದ ತೆಗೆದು ತೋರಿಸಿದರು. ‘ಪೋಷಣೆಗೆ ಸಂಬಂಧಿಸಿದ ಎಲ್ಲ ಕ್ರಮಗಳಿಗೂ ಒಪ್ಪಿಗೆ’ ಎಂದು ಬರೆದಲ್ಲಿ ನನ್ನ ಸಹಿಯಿತ್ತು.

ಅಂದು ನನಗೆ ನೆನಪಾದದ್ದು ಬಾಲ್ಯದಲ್ಲಿ ಬಸದಿಯ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಅಹಿಂಸಾಣುವ್ರತದ ಐದು ಅತಿಚಾರಗಳು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವನ್ನು ನಾವು ಸಾಮಾನ್ಯವಾಗಿ ದನಕರುಗಳ ವಿಷಯದಲ್ಲಿ, ಆಳುಕಾಳುಗಳ ವಿಷಯದಲ್ಲಿ ವಿವರಿಸಿ ಮುಗಿಸುತ್ತೇವೆ. ನಮ್ಮ ಅಧೀನದಲ್ಲಿರುವ, ಎದುರಾಡಲು ಶಕ್ತಿಯಿಲ್ಲದ ಯಾವ ಜೀವಕ್ಕೂ ಇವು ಅನ್ವಯಿಸುತ್ತವೆಯೆಂಬುದು ನನಗೆ ಹೊಳೆದದ್ದು ತಾಯಿಯವರ ಕೈಗಳನ್ನು ಬಿಚ್ಚುವಾಗ. ಹಾಸಿಗೆ ಹಿಡಿದ ರೋಗಿಗಿಂತ ಪರಾಧೀನರಾದವರು ಯಾರು?

ಆದ್ದರಿಂದ ಕೇಂದ್ರವೊಂದನ್ನು ನೋಡಲು ಹೋಗುವ ಶ್ರಾವಕನು ಈ ಐದನ್ನು ಮನಸ್ಸಿನಲ್ಲಿಟ್ಟು ಹೋಗಲಿ. ಬಂಧ: ರೋಗಿಗಳನ್ನು ಕಟ್ಟುವುದುಂಟೆ? ಕಟ್ಟಿದರೆ ಏಕೆ, ಎಷ್ಟು ಹೊತ್ತು, ಯಾರ ಅಪ್ಪಣೆಯಿಂದ? ಕಿತ್ತುಕೊಳ್ಳುವ ಕೈ ‘ಇದು ನನಗೆ ಬೇಡ’ ಎನ್ನುತ್ತಿರಬಹುದೆಂದು ಯಾರಾದರೂ ಯೋಚಿಸಿದ್ದಾರೆಯೆ? ವಧ: ಇಲ್ಲಿ ಹೊಡೆತವೆಂದು ಮಾತ್ರ ತಿಳಿಯಬಾರದು. ಮಗ್ಗುಲು ಬದಲಿಸುವಾಗ ಒರಟುತನ, ಏಕವಚನದ ಗದರಿಕೆ, ಕರೆದಾಗ ಕೇಳದಂತೆ ನಡೆದುಹೋಗುವುದು, ಇವೂ ಅದರ ಅಂಶಗಳೇ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ, ಸೊಂಟದಲ್ಲಿ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ಸೇರಿದ ದಿನ ಇಲ್ಲದ ಹುಣ್ಣು ಹತ್ತು ದಿನಗಳಲ್ಲಿ ಬಂದಿದ್ದರೆ ಬೇರೆ ಸಾಕ್ಷಿಯನ್ನು ಹುಡುಕುವ ಮೊದಲು ಅದಕ್ಕೆ ಕಾರಣ ಕೇಳಬೇಕು. ಛೇದ: ಪ್ರಯೋಜನವಿಲ್ಲದ ಸೂಜಿ, ನಳಿಕೆ, ದಿನದಿನದ ರಕ್ತಪರೀಕ್ಷೆ, ಪರೀಕ್ಷೆಯ ಫಲದಿಂದ ಚಿಕಿತ್ಸೆಯೇನೂ ಬದಲಾಗದಿದ್ದಲ್ಲಿ ಅದನ್ನು ಮಾಡುವುದೇಕೆ? ಅತಿಭಾರ: ರಾತ್ರಿಯಲ್ಲಿ ಒಬ್ಬ ದಾದಿಗೆ ಎಷ್ಟು ರೋಗಿಗಳು? ಹೊರಲಾರದ ಭಾರವನ್ನು ದಾದಿಯ ಮೇಲೆ ಹೊರಿಸಿದ ಸಂಸ್ಥೆ ಆ ದಾದಿಗೂ ಹಿಂಸೆ ಮಾಡುತ್ತದೆ, ರೋಗಿಗೂ ಮಾಡುತ್ತದೆ. ಐದನೆಯದಾದ ಅನ್ನಪಾನನಿರೋಧದ ವಿಚಾರವನ್ನು ಮುಂದೆ ಹೇಳುತ್ತೇನೆ. ಏಕೆಂದರೆ ಆ ಅತಿಚಾರವನ್ನು ಮಾಡಿದವನು ನಾನೇ.

ನಮ್ಮ ಪೂರ್ವಾಚಾರ್ಯರು ಸೇವೆಯ ವಿಷಯದಲ್ಲಿ ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದರೆಂಬುದಕ್ಕೆ ಶಿವಾರ್ಯರ ಭಗವತೀ ಆರಾಧನೆ ಸಾಕ್ಷಿ. ನಮ್ಮ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಿಗೂ ಮೂಲವಾದ ಗಾಹೆಗಳು ಈ ಗ್ರಂಥದವು. ಸಮಾಧಿಮರಣವನ್ನು ಬಯಸಿದ ಕ್ಷಪಕನ ಸೇವೆಗೆ ಉತ್ತಮ ಪಕ್ಷದಲ್ಲಿ 48 ಮಂದಿ ನಿರ್ಯಾಪಕ ಮುನಿಗಳನ್ನು ಅಲ್ಲಿ ಹೇಳಿದೆ. ನಾಲ್ಕು ನಾಲ್ಕು ಮಂದಿಗೆ ಒಂದೊಂದು ಕಾರ್ಯ. ನಾಲ್ವರು ಮೈಯನ್ನು ಎತ್ತಿ ಕೂಡಿಸಿ ಮಲಗಿಸುವವರು. ನಾಲ್ವರು ಧರ್ಮಕಥೆ ಹೇಳುವವರು. ನಾಲ್ವರು ಮಲಮೂತ್ರಗಳನ್ನು ಶುದ್ಧಗೊಳಿಸುವವರು. ನಾಲ್ವರು ಬಾಗಿಲು ಕಾಯುವವರು. ನಾಲ್ವರು ರಾತ್ರಿಯೆಲ್ಲ ಎಚ್ಚರವಿರುವವರು. ಅಷ್ಟು ಜನ ದೊರೆಯದ ಕಾಲದಲ್ಲಿ ಸಂಖ್ಯೆ ಇಳಿಯಬಹುದು. ಆದರೆ ಇಬ್ಬರಿಗಿಂತ ಕಡಿಮೆಯಾಗಬಾರದು. ಒಬ್ಬನೇ ಆದರೆ ಅವನು ತನ್ನನ್ನಾದರೂ ಕಡೆಗಣಿಸುತ್ತಾನೆ, ಕ್ಷಪಕನನ್ನಾದರೂ ಕಡೆಗಣಿಸುತ್ತಾನೆ. ಮನೆಯಲ್ಲಿ ಒಬ್ಬಳೇ ಸೊಸೆಯ ಮೇಲೆ ಹಗಲುರಾತ್ರಿಯ ಸೇವೆಯನ್ನು ಹೊರಿಸಿ ಅವಳನ್ನು ಹೊಗಳುತ್ತ ಕುಳಿತಿರುವ ನಾವು ಈ ನಿಯಮವನ್ನು ಎರಡು ಸಲ ಓದಬೇಕು.

ಮಲಮೂತ್ರದ ಕೆಲಸವನ್ನು ಧರ್ಮಕಥೆಯ ಸಾಲಿನಲ್ಲಿಯೇ ಇಟ್ಟಿರುವುದನ್ನೂ ಗಮನಿಸಬೇಕು. ವೈಯಾವೃತ್ಯವು ಅಂತರಂಗ ತಪಸ್ಸುಗಳಲ್ಲಿ ಒಂದು. ಅದಕ್ಕೆ ಪಾತ್ರರಾದ ಹತ್ತು ಬಗೆಯ ಸಾಧುಗಳಲ್ಲಿ ಗ್ಲಾನ, ಎಂದರೆ ರೋಗಪೀಡಿತ, ಒಬ್ಬ. ವಾಂತಿ ಮಾಡಿದ ಮುನಿಯನ್ನು ಅಸಹ್ಯಪಡದೆ ಉಪಚರಿಸಿದ ಉದ್ದಾಯನ ರಾಜನನ್ನು ನಿರ್ವಿಚಿಕಿತ್ಸೆಯೆಂಬ ಸಮ್ಯಗ್ದರ್ಶನದ ಅಂಗಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ಕೇಂದ್ರವನ್ನು ನೋಡಲು ಹೋದಾಗ ಕಚೇರಿಯಲ್ಲಿ ಕುಳಿತು ಮಾತು ಕೇಳುವುದಕ್ಕಿಂತ, ಬಟ್ಟೆ ಬದಲಿಸುತ್ತಿರುವ ಆಯಾಳ ಮುಖವನ್ನು ಒಮ್ಮೆ ನೋಡುವುದು ಹೆಚ್ಚು ತಿಳಿಸುತ್ತದೆ.

ನಿರ್ಯಾಪಕಾಚಾರ್ಯನಿಗೆ ಹೇಳಿದ ಗುಣಗಳಲ್ಲಿ ಅಪರಿಸ್ರಾವಿತ್ವ ಎಂಬುದೊಂದಿದೆ. ತುಂಬಿದ್ದು ಹೊರಗೆ ಸೋರದ ಪಾತ್ರೆಯಂತೆ, ಕ್ಷಪಕನು ನಂಬಿ ಹೇಳಿದ್ದನ್ನು ಹೊರಗೆಡಹದಿರುವುದು. ಸಾವಿನ ಹತ್ತಿರದಲ್ಲಿ ಮನುಷ್ಯ ಎಂದೂ ಆಡದ ಮಾತುಗಳನ್ನು ಆಡುತ್ತಾನೆ. ಅವನ್ನು ಆಡಲು ಆ ಸ್ಥಳದಲ್ಲಿ ಮರೆಯಿದೆಯೆ, ಕೇಳುವ ಕಿವಿಯಿದೆಯೆ, ಕೇಳಿದ ಕಿವಿ ಮೌನವಾಗಿರಬಲ್ಲುದೆ ಎಂಬುದೂ ಪರೀಕ್ಷೆಯ ವಿಷಯ.

ನಾವು ತಾಯಿಯವರನ್ನು ಬೇರೆ ಕಡೆಗೆ ಸಾಗಿಸಿದೆವು. ಅದು ಚಿಕ್ಕ ಸ್ಥಳ. ನೆಲಕ್ಕೆ ಸಾದಾ ಸಿಮೆಂಟು, ಗೋಡೆಯ ಮೇಲೆ ಚಿತ್ರವೊಂದೂ ಇಲ್ಲ. ಅಲ್ಲಿಯ ವೈದ್ಯರು ನಮ್ಮನ್ನು ಕುಳ್ಳಿರಿಸುವ ಮೊದಲು ತಾಯಿಯವರ ಮಂಚದ ಬಳಿ ಕುಳಿತು, ‘ಅಮ್ಮಾ, ನಿಮಗೆ ಏನು ಬೇಕು, ಏನು ಬೇಡ?’ ಎಂದು ಕೇಳಿದರು. ಮೂಗಿನ ನಳಿಕೆ ಬೇಡವೆಂದರು, ತೆಗೆದರು. ತೆಳು ಗಂಜಿಯನ್ನು ಅವರು ಚಮಚದಲ್ಲಿ ನುಂಗಬಲ್ಲವರಾಗಿದ್ದರು.

ಅನಂತರ ಮಾರ್ಫಿನ್ ಎಂಬ ಔಷಧದ ಪ್ರಶ್ನೆ ಬಂತು. ನಮ್ಮ ಮನೆಗಳಲ್ಲಿ ಇದಕ್ಕೆ ಎರಡು ಆಕ್ಷೇಪಗಳಿವೆ. ಅದು ಅಫೀಮಿನಿಂದ ಬಂದದ್ದು, ಬುದ್ಧಿಯನ್ನು ಮಸುಕಾಗಿಸುತ್ತದೆ, ಕೊನೆಗಾಲದಲ್ಲಿ ಪಂಚನಮಸ್ಕಾರ ನಾಲಗೆಗೆ ಬಾರದಂತಾಗುತ್ತದೆ ಎಂಬುದು ಒಂದು. ಆಕ್ಷೇಪ ಹಗುರವಾದುದಲ್ಲ. ಆದರೆ ಶಾಸ್ತ್ರವು ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ವೇದನೆಯಿಂದ ಹುಟ್ಟುವುದನ್ನು ಒಂದಾಗಿ ಎಣಿಸಿದೆ. ಸಹಿಸಲಾರದ ನೋವಿನಲ್ಲಿ ಹೊರಳುವವನಿಗೆ ಮಂತ್ರ ನೆನಪಿಗೆ ಬರುವುದೆ? ಮಾರ್ಫಿನ್ನನ್ನು ನೋವಿಗೆ ತಕ್ಕಷ್ಟು, ಸ್ವಲ್ಪದಿಂದ ಆರಂಭಿಸಿ ಅಳೆದು ಏರಿಸಿದರೆ, ಮೊದಲ ಕೆಲವು ದಿನಗಳ ಮಂಪರು ಸಾಮಾನ್ಯವಾಗಿ ಇಳಿದುಹೋಗುತ್ತದೆ. ಮಲಬದ್ಧತೆ ಮಾತ್ರ ಉಳಿಯುವುದರಿಂದ ಅದಕ್ಕೆ ಜೊತೆಯಲ್ಲಿಯೇ ಔಷಧ ಕೊಡುತ್ತಾರೆ. ಈ ಔಷಧಕ್ಕಿದ್ದ ಬಿಗಿ ಕಟ್ಟಳೆಗಳನ್ನು ಸಂಸತ್ತು 2014ರ ತಿದ್ದುಪಡಿಯಿಂದ ಸಡಿಲಿಸಿದೆ. ಆದರೂ ಹಲವು ಕಡೆ ಅದು ದೊರೆಯುವುದಿಲ್ಲ. ‘ನಿಮ್ಮಲ್ಲಿ ಮಾರ್ಫಿನ್ ಇದೆಯೆ? ರಾತ್ರಿ ಎರಡು ಗಂಟೆಗೆ ನೋವು ಬಂದರೆ ಕೊಡುವವರು ಯಾರು?’ ಎಂಬ ಪ್ರಶ್ನೆಗೆ ತಡವರಿಸುವ ಸ್ಥಳದಲ್ಲಿ ಬೇರೆ ಯಾವ ಸೌಕರ್ಯವಿದ್ದರೂ ಸಾಲದು.

ಎರಡನೆಯ ಆಕ್ಷೇಪ ತಾಯಿಯವರದೇ. ಸಾಧಾರಣ ಮಾರ್ಫಿನ್ ನಾಲ್ಕು ತಾಸಿಗೊಮ್ಮೆ ಬಾಯಿಂದ ತೆಗೆದುಕೊಳ್ಳಬೇಕಾದದ್ದು. ರಾತ್ರಿಯ ಗತಿಯೇನು? ವೈದ್ಯರು ನೇಮವನ್ನು ಹೀಗಳೆಯಲಿಲ್ಲ, ನಮ್ಮತ್ತ ತಿರುಗಲೂ ಇಲ್ಲ. ನಿಧಾನವಾಗಿ ಕರಗುವ ಗುಳಿಗೆಯನ್ನು ಬೆಳಿಗ್ಗೆ ಸೂರ್ಯೋದಯದ ಬಳಿಕ ಒಮ್ಮೆ, ಸಂಜೆ ಹೊತ್ತು ಮುಳುಗುವ ಮುನ್ನ ಒಮ್ಮೆ ಇಟ್ಟು ನೋಡಿದರು. ಬೆಳಗಿನ ಜಾವದಲ್ಲಿ ನೋವು ಮರುಕಳಿಸಿದಾಗ, ಚರ್ಮದಡಿಯಲ್ಲಿ ಕೊಡುವ ಸೂಜಿ ಒಪ್ಪಿಗೆಯೆ ಎಂದು ಕೇಳಿದರು. ‘ಅದು ಆಹಾರ ಅಲ್ಲ, ಕೊಡ್ರಿ’ ಎಂದು ತಾಯಿಯವರು ಹೇಳಿದರು. ಕೊಳವೆಗುಳಿಗೆಗಳ ಹೊದಿಕೆ ಬಹುಮಟ್ಟಿಗೆ ಪ್ರಾಣಿಗಳ ಮೂಳೆ ಚರ್ಮಗಳಿಂದ ಮಾಡಿದ್ದೆಂದು ದಾದಿಯೊಬ್ಬಳು ತಾನಾಗಿ ತಿಳಿಸಿ, ಬಿಲ್ಲೆಯ ರೂಪದ್ದನ್ನೇ ತರಿಸಿದಳು. ಆಕೆ ಜೈನಳಲ್ಲ.

ಈಗ ಆ ರಾತ್ರಿಯ ಮಾತು. ಅಲ್ಲಿಗೆ ಬಂದ ಇಪ್ಪತ್ತನೆಯ ದಿನವಿರಬೇಕು. ಆಹಾರ ಬಹುಮಟ್ಟಿಗೆ ನಿಂತಿತ್ತು. ಬಂಧುಗಳಲ್ಲಿ ಕೆಲವರು, ‘ಹೇಗೂ ಉಣ್ಣುತ್ತಿಲ್ಲ, ಸಲ್ಲೇಖನೆ ಎಂದೇ ಸಾರಿದರಾಯಿತು, ಮನೆತನಕ್ಕೂ ಗೌರವ’ ಎಂದು ಹೇಳತೊಡಗಿದ್ದರು. ರಾತ್ರಿ ಹತ್ತರ ಸುಮಾರಿಗೆ ತಾಯಿಯವರು ಕಣ್ಣು ತೆರೆದು ‘ನೀರು’ ಎಂದರು. ನಾನು ಹತ್ತಿರದಲ್ಲಿದ್ದೆ. ನಲವತ್ತು ವರ್ಷದ ನೇಮ ಕೊನೆಯ ಗಳಿಗೆಯಲ್ಲಿ ಕೆಡಬಾರದೆಂದು, ‘ಅವ್ವಾ, ರಾತ್ರಿಯಾಗಿದೆ, ತಾಳಿಕೋ’ ಎಂದೆ. ಮತ್ತೆ ‘ನೀರು’ ಎಂದರು. ನಾನು ಸುಕುಮಾರಸ್ವಾಮಿಯ ಕಥೆಯನ್ನು ನೆನಪಿಸಿದೆ. ನರಿಗಳು ಮೈಯನ್ನು ತಿನ್ನುತ್ತಿದ್ದರೂ ಅಲುಗದ ಆ ಮಹಾತ್ಮನ ಧೈರ್ಯವನ್ನು ಹೇಳಿದೆ. ಮೂರನೆಯ ಸಲ ಅವರು ಕೇಳಲಿಲ್ಲ. ಗೋಡೆಯ ಕಡೆಗೆ ಮುಖ ತಿರುಗಿಸಿದರು.

ದಾದಿ ಬಂದಳು. ‘ನೀರು ಕೇಳಿದರೆ?’ ಎಂದಳು. ನಾನು ವ್ರತವನ್ನು ವಿವರಿಸಿದೆ. ಆಕೆ ವಾದಿಸಲಿಲ್ಲ. ‘ಕುಡಿಯುವುದೋ ಬೇಡವೋ ಎಂದು ಅಮ್ಮನನ್ನು ಕೇಳಿದಿರಾ?’ ಎಂದಷ್ಟೇ ಕೇಳಿದಳು. ನಾನು ಕೇಳಿರಲಿಲ್ಲ. ಆಕೆ ಬಾಗಿ ಕೇಳಿ, ಒದ್ದೆ ಅರಿವೆಯಿಂದ ತುಟಿಗಳನ್ನೂ ನಾಲಗೆಯನ್ನೂ ಮೆಲ್ಲಗೆ ಒರೆಸಿದಳು. ತಾಯಿಯವರಿಗೆ ಅಷ್ಟು ಸಾಕಾಯಿತು, ನಿದ್ರೆಹೋದರು. ಕೊನೆಯ ದಿನಗಳ ಬಾಯಾರಿಕೆ ಬಹಳ ಮಟ್ಟಿಗೆ ಬಾಯಿ ಒಣಗುವುದರಿಂದ ಆಗುತ್ತದೆಂದೂ, ಹೀಗೆ ಒದ್ದೆ ಮಾಡುತ್ತಿದ್ದರೆ ಶಮನವಾಗುತ್ತದೆಂದೂ ಮರುದಿನ ತಿಳಿದುಕೊಂಡೆ.

ಬೆಳಿಗ್ಗೆ ತಾಯಿಯವರಿಗೆ ಚೆನ್ನಾಗಿ ಎಚ್ಚರವಿತ್ತು. ನನ್ನನ್ನು ಕರೆದು ಹೇಳಿದರು: ‘ನೇಮ ನಂದು. ನೀರು ಕೇಳಿದ್ರ ಮುಂದ ಹಿಡೀರಿ. ಕುಡಿಯೋದು ಬಿಡೋದು ನನಗ ಬಿಡ್ರಿ.’ ಆರು ದಿನಗಳ ಅನಂತರ ಅವರು ತೀರಿಕೊಂಡರು. ಆ ಆರು ರಾತ್ರಿಗಳಲ್ಲಿ ಎರಡು ಸಲ ನೀರು ಕೇಳಿದರು. ಎರಡು ಸಲವೂ ಲೋಟವನ್ನು ಮುಂದೆ ಹಿಡಿದೆ. ಎರಡು ಸಲವೂ ನೋಡಿ, ಬೇಡವೆಂದು ತಲೆಯಾಡಿಸಿ, ಒದ್ದೆ ಅರಿವೆಯನ್ನು ತೋರಿಸಿದರು. ಅವರು ಕುಡಿದಿದ್ದರೆ? ಆಗಲೂ ಅದು ಅವರದೇ ಆಗಿರುತ್ತಿತ್ತು. ಪ್ರಾಯಶ್ಚಿತ್ತಕ್ಕೆ ಶಾಸ್ತ್ರದಲ್ಲಿ ಅವಕಾಶವಿದೆ. ಆದರೆ ನಾನು ತಡೆದು ಉಳಿಸಿದ್ದ ವ್ರತ ಅವರದಾಗಿರುತ್ತಿರಲಿಲ್ಲ; ಅದು ಅನ್ನಪಾನನಿರೋಧ ಮಾತ್ರ.

ಮೊದಲ ಸ್ಥಳದಲ್ಲಿ ಬೇಡವೆಂದವರ ಒಡಲಿಗೆ ಆಹಾರವನ್ನು ಸುರಿದರು. ನಾನು ಬೇಕೆಂದವರಿಗೆ ನೀರನ್ನು ತಡೆದೆ. ಎರಡೂ ಒಂದೇ ತಪ್ಪು: ಯಾರೂ ಅವರನ್ನು ಕೇಳಲಿಲ್ಲ. ಪರೀಷಹಜಯ ತಾನು ತಾನೇ ಗಳಿಸಬೇಕಾದದ್ದು. ಸುಕುಮಾರಸ್ವಾಮಿಯ ಸಹನೆ ಆ ಸ್ವಾಮಿಯದು. ಅದನ್ನು ಇನ್ನೊಬ್ಬರ ಶರೀರದಿಂದ ವಸೂಲು ಮಾಡಲು ನಮಗೆ ಅಧಿಕಾರವಿಲ್ಲ. ಸಮಂತಭದ್ರಾಚಾರ್ಯರು ಭಸ್ಮಕವ್ಯಾಧಿಯಿಂದ ಬಳಲಿ ಸಲ್ಲೇಖನೆಯನ್ನು ಬೇಡಿದಾಗ ಗುರುಗಳು ಒಪ್ಪದೆ, ಮೊದಲು ರೋಗವನ್ನು ನೀಗಿಕೊಂಡು ಬಾ ಎಂದರೆಂದು ಕಥೆಯಿದೆ. ಅದೇ ಆಚಾರ್ಯರು ರತ್ನಕರಂಡಕದಲ್ಲಿ ಪ್ರತೀಕಾರವಿಲ್ಲದ ರೋಗವೇ ಮೊದಲಾದ ಸಂದರ್ಭಗಳಿಗೆ ಮಾತ್ರ ಸಲ್ಲೇಖನೆಯನ್ನು ವಿಧಿಸಿದರು. ಬೇಡಿದವರಿಗೇ ಇಷ್ಟು ಪರೀಕ್ಷೆಯಿರುವಾಗ, ಬೇಡದವರ ಮೇಲೆ ಆ ಹೆಸರನ್ನು ಹೊದಿಸುವುದು ಹೇಗೆ ಸಲ್ಲುತ್ತದೆ? 2015ರ ಆಗಸ್ಟ್‌ನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯ ಸಲ್ಲೇಖನೆಯನ್ನು ಆತ್ಮಹತ್ಯೆಗೆ ಸಮಾನವೆಂದು ಹೇಳಿ, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ಕೊಟ್ಟಾಗ ನಾವೆಲ್ಲರೂ ಬೀದಿಗಿಳಿದು ವ್ರತದ ಪಾವಿತ್ರ್ಯವನ್ನು ಸಾರಿದೆವು. ಆ ಪಾವಿತ್ರ್ಯವನ್ನು ಮನೆಯೊಳಗೂ ಕಾಯಬೇಕು.

ಈ ಕಾರಣಕ್ಕಾಗಿ ವಾಚಕರಲ್ಲಿ ಒಂದು ವಿನಂತಿ. ಆರೋಗ್ಯವಿರುವಾಗಲೇ ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯೂ ತಮ್ಮ ನೇಮಗಳೇನು, ರೋಗಕಾಲದಲ್ಲಿ ಅವುಗಳಲ್ಲಿ ಯಾವುದಕ್ಕೆ ಸಡಿಲಿಕೆಯುಂಟು, ನಳಿಕೆ, ಉಸಿರಾಟದ ಯಂತ್ರ ಮೊದಲಾದವು ಬೇಕೆ ಬೇಡವೆ ಎಂಬುದನ್ನು ಬರೆದಿಡಲಿ. ಇಂಥ ಮುಂಗಡ ನಿರ್ದೇಶನಕ್ಕೆ ಸರ್ವೋಚ್ಚ ನ್ಯಾಯಾಲಯ 2018ರ ಮಾರ್ಚ್ 9ರ ತೀರ್ಪಿನಲ್ಲಿ ಮಾನ್ಯತೆ ಕೊಟ್ಟು, 2023ರ ಜನವರಿಯಲ್ಲಿ ಅದರ ವಿಧಾನವನ್ನು ಸುಲಭಗೊಳಿಸಿದೆ. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಕೇಂದ್ರಕ್ಕೆ ಸೇರಿಸುವಾಗ ಈ ಪತ್ರವನ್ನು ಕೊಟ್ಟು, ಓದಿದವರ ಮುಖವನ್ನು ನೋಡಿರಿ. ಸೇರಿಸಿದ ಮೇಲೆ ಹಗಲಿನಲ್ಲಿ ಹೇಳಿ ಹೋಗುವುದರ ಜೊತೆಗೆ ರಾತ್ರಿಯಲ್ಲಿ ಹೇಳದೆ ಒಮ್ಮೆ ಹೋಗಿರಿ. ಪಕ್ಕದ ಮಂಚದ, ಬಂಧುಗಳಿಲ್ಲದ ರೋಗಿಯನ್ನು ಹೇಗೆ ನೋಡಿಕೊಳ್ಳುತ್ತಿದ್ದಾರೆಂದು ಗಮನಿಸಿರಿ. ನಿಮ್ಮವರನ್ನು ನೀವಿಲ್ಲದಾಗ ಹಾಗೆಯೇ ನೋಡಿಕೊಳ್ಳುತ್ತಾರೆ.

ಕೊನೆಯದಾಗಿ, ಸಂಸ್ಥೆಯನ್ನು ಅಳೆಯುವ ಕೋಲು ನಮ್ಮನ್ನೂ ಅಳೆಯುತ್ತದೆಂಬುದನ್ನು ಮರೆಯದಿರೋಣ. ಹಣ ತೆತ್ತು ಸೇವೆಯನ್ನು ಇನ್ನೊಬ್ಬರ ಕೈಗೆ ಕೊಟ್ಟಾಗ ವೈಯಾವೃತ್ಯದ ಹೊಣೆ ನಮ್ಮಿಂದ ಕಳಚುವುದಿಲ್ಲ. ಬಸದಿಯಲ್ಲಿ ದಶಲಕ್ಷಣ ಪರ್ವದ ದಿನಗಳಲ್ಲಿ ಉಪವಾಸಿಗಳ ಕಾಲಿಗೆರಗುವ ನಾವು, ಉಪವಾಸವೋ ರೋಗವೋ ತಿಳಿಯದ ಸ್ಥಿತಿಯಲ್ಲಿ ಮಲಗಿರುವ ನಮ್ಮ ತಾಯಿತಂದೆಯರ ಬಳಿ ಕುಳಿತು, ‘ನಿಮಗೆ ಏನು ಬೇಕು?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯುವಷ್ಟು ವಿನಯವನ್ನು ಕಲಿಯೋಣ. ಸರ್ವ ಜೀವರಿಗೂ ಸಮಾಧಿಯು ಲಭಿಸಲಿ.